ಬೆನ್ನು ತೋರಿಸಿದ ವಿಮಾನ

ಮಿಸೈಲ್ ತಪ್ಪುತ್ತದೆ ಎಂದು ನಾನು ಹೇಳಿದ್ದಕ್ಕೆ ನಮ್ಮ ಅಂಗಡಿಯಲ್ಲಿ ಒಬ್ಬನ ಮುಂದಿನ ಹಲ್ಲು ಉದುರಿತು. ಹೇಳಿದವಳು ನಾನು, ಉದುರಿಸಿದವನು ಇನ್ನೊಬ್ಬ, ಹಲ್ಲು ಮಾತ್ರ ಪಕ್ಕದಲ್ಲಿ ಕೂತು ನಕ್ಕವನದು. ಗಜೇಂದ್ರಗಡದಲ್ಲಿ ಆಗ ಜಗಳವೆಂದರೆ ಹಾಗೆಯೇ, ಆಡಿದವರು ಒಬ್ಬರು, ತಿಂದವರು ಇನ್ನೊಬ್ಬರು.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳ ಮಾತು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದೆ. ರೋಣದಲ್ಲಿ ಕೋರ್ಸು ಮುಗಿಸಿ, ನರಗುಂದದ ಒಂದು ಸೆಂಟರಿನಲ್ಲಿ ಕೆಲವು ಕಾಲ ಕಲಿಸಿ, ಅಲ್ಲಿಯ ಮಾಲೀಕನ ಜೊತೆ ಜಗಳಾಡಿ ಬಿಟ್ಟು ಬಂದಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಇದೆ, ಮೂಗು ಮಾತ್ರ ಸ್ವಲ್ಪ ದಪ್ಪವಾಗಿದೆ. ಬೆಳಿಗ್ಗೆ ಹುಡುಗಿಯರಿಗೆ ಕಲಿಸುವುದು, ನಡುವೆ ಮದುವೆ ಕಾರ್ಡು ಮತ್ತು ಅರ್ಜಿಗಳನ್ನು ಟೈಪು ಮಾಡುವುದು, ಮಧ್ಯಾಹ್ನದ ಮೇಲೆ ಗಂಡಸರಿಗೆ ಆಟ ಆಡಲು ಬಿಡುವುದು, ಇದು ನನ್ನ ದಿನ.

ಅಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅಣ್ಣನದು. ಅವನಿಗೆ ಪೇಟೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿಯ ದಲಾಲಿ ಮಾಡುವ ಅಡತಿ ಅಂಗಡಿ ಇತ್ತು. ಹರೆಯದಲ್ಲಿ ಕುಸ್ತಿ ಹಿಡಿದವನು, ಒಂದು ಕಿವಿ ಹಿಟ್ಟಿನ ಮುದ್ದೆಯಂತೆ ಗಂಟು ಕಟ್ಟಿತ್ತು. ಮಾತಿಗಿಂತ ಮೊದಲು ಅವನ ಕೈ ಏಳುತ್ತಿತ್ತು. ಹಮಾಲರು ಏಟು ತಿಂದಿದ್ದಾರೆ, ಸಂಬಂಧಿಕರು ತಿಂದಿದ್ದಾರೆ, ಚಿಕ್ಕವಳಿದ್ದಾಗ ನಾನೂ ತಿಂದಿದ್ದೇನೆ. ಊರಿನವರು ಅದನ್ನು ತಪ್ಪು ಎನ್ನುತ್ತಿರಲಿಲ್ಲ, ‘ಪೈಲ್ವಾನ್ರ ಕೈ’ ಎಂದು ಮರ್ಯಾದೆಯಿಂದ ಹೇಳುತ್ತಿದ್ದರು.

ಕೋಣೆ ಕೊಡುವಾಗಲೇ ಅವನು ಕರಾರು ಹಾಕಿದ್ದ.

“ಪೊಲೀಸರು ನಮ್ಮ ಕಟ್ಟಿ ಏರಿದ ದಿನ ಈ ಅಂಗಡಿ ಬಂದ್. ಆಮ್ಯಾಲ ನಾ ತೋರಿಸಿದಾಂವಗ ಕೊರಳು ಕೊಡಬೇಕು. ಕಬೂಲೇನು?”

“ಕಬೂಲ್,” ಎಂದೆ.

ಆ ಹೊತ್ತಿಗೆ ನನ್ನನ್ನು ನೋಡಲು ಬಂದು ಅವಲಕ್ಕಿ ತಿಂದು ಹೋದವರ ಪೈಕಿ ಯಾರೂ ನನಗೆ ಬೇಕಾಗಿರಲಿಲ್ಲ. ಒಬ್ಬನಂತೂ ನನ್ನ ಕೈಬೆರಳು ನೋಡಿ, ಟೈಪು ಮಾಡುವವರ ರೊಟ್ಟಿ ದುಂಡಗೆ ಬರುವುದಿಲ್ಲ ಎಂದಿದ್ದ. ನನಗೆ ಬೇಕಾಗಿದ್ದದ್ದು ಆ ಕೋಣೆ. ಅದನ್ನು ಬಿಟ್ಟರೆ ಇದು ನನ್ನದು ಎಂದು ಹೇಳಿಕೊಳ್ಳಲು ಆ ಮನೆಯಲ್ಲಿ ನನಗೆ ಇನ್ನೇನೂ ಇರಲಿಲ್ಲ.

ಯುದ್ಧವಿಮಾನದ ಆಟದ ಸಿ.ಡಿ. ಯಾರು ತಂದುಕೊಟ್ಟರೋ ನೆನಪಿಲ್ಲ. ಎರಡು ಕಂಪ್ಯೂಟರುಗಳ ನಡುವೆ ವೈರು ಎಳೆದರೆ ಇಬ್ಬರು ಎದುರುಬದುರಾಗಿ ಕಾದಾಡಬಹುದಿತ್ತು. ಬಂದಾಗ ಆಟ ಸುಲಭದ ಮೇಲೆ ಇತ್ತು. ಸುಲಭದಲ್ಲಿ ರೇಡಾರಿಗೆ ಬೆನ್ನಿನಲ್ಲೂ ಕಣ್ಣು. ಮಿಸೈಲ್ ಬಿಟ್ಟರೆ ಮುಗಿಯಿತು, ಅದು ಬೆನ್ನು ಹತ್ತಿದ ನಾಯಿಯಂತೆ ಆಕಾಶವೆಲ್ಲ ಸುತ್ತಿಸಿ ಕಡೆಗೂ ಹೊಡೆಯುತ್ತಿತ್ತು. ಗಂಡಸರಿಗೆ ಅದು ಬಹಳ ಹಿಡಿಸಿತು. ಗುಂಡಿ ಒತ್ತುವುದು, ಎದುರಿನವನು ಬೆಂಕಿಯ ಉಂಡೆಯಾಗುವುದು, ಅವನ ಅವ್ವನನ್ನು ಅಕ್ಕನನ್ನು ನೆನೆಸಿ ಬೈಯುವುದು. ನಾನು ಕೂತಿದ್ದೇನೆಂದು ಬೈಗುಳವನ್ನು ಅರ್ಧ ನುಂಗುತ್ತಿದ್ದರು.

ಸಿ.ಡಿ.ಯೊಳಗೆ ಆಟದ ದೊಡ್ಡದೊಂದು ಪುಸ್ತಕವೂ ಇತ್ತು, ಇಂಗ್ಲಿಷಿನಲ್ಲಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಶಬ್ದಕೋಶ ಮಗ್ಗುಲಲ್ಲಿಟ್ಟುಕೊಂಡು ಅದನ್ನು ಓದಿದೆ. ಓದಿದಂತೆಲ್ಲ ನಾವು ಆಡುತ್ತಿದ್ದದ್ದು ಶುದ್ಧ ಸುಳ್ಳು ಎಂದು ಗೊತ್ತಾಯಿತು. ಖರೇ ಮಿಸೈಲಿನ ಮದ್ದು ಕೆಲವೇ ಕ್ಷಣ ಉರಿಯುತ್ತದೆ, ಆಮೇಲೆ ಅದು ಬರೀ ಓಟದ ಬಲದ ಮೇಲೆ ಹೋಗುವ ಕಬ್ಬಿಣ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣಿ ಬೀಸಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಕವಣಿ ಬಿಟ್ಟ ಮೇಲೆ ಕಲ್ಲಿಗೆ ಹೊಸ ಬಲ ಬರುವುದಿಲ್ಲ. ಎದುರಿಗೆ ಬರುವವನಿಗೆ ಅದು ದೂರದಿಂದಲೂ ತಾಗುತ್ತದೆ, ಅರ್ಧ ದಾರಿ ಅವನೇ ಓಡಿಬಂದು ತಲೆ ಕೊಟ್ಟಿರುತ್ತಾನೆ. ಅದೇ ಅವನು ಸಮಯಕ್ಕೆ ಸರಿಯಾಗಿ ತಿರುಗಿ ಓಡಿದರೆ, ಅಟ್ಟಿಸಿಕೊಂಡು ಬರುವ ಮಿಸೈಲ್ ದಣಿದು ಅವನ ಹಿಂದೆ ನೆಲಕ್ಕೆ ಬೀಳುತ್ತದೆ.

ರೇಡಾರ್ ಕೂಡ ಹಾಗೆಯೇ. ಅದು ಮೂಗಿನ ಮುಂದಷ್ಟನ್ನೇ ನೋಡುತ್ತದೆ. ತನ್ನ ಕಡೆ ಬರುವುದನ್ನು, ತನ್ನಿಂದ ದೂರ ಹೋಗುವುದನ್ನು ಅದು ಹಿಡಿಯುತ್ತದೆ. ಎರಡನ್ನೂ ಮಾಡದೆ ನೆಲದ ಹತ್ತಿರ ಅಡ್ಡಡ್ಡ ಹಾರುವವನು ಅದರ ಕಣ್ಣಿಗೆ ಗುಡ್ಡ ಗಿಡಗಳಲ್ಲೇ ಬೆರೆತು ಮಾಯವಾಗುತ್ತಾನೆ. ಇದನ್ನು ಓದಿ ನನಗೆ ಮೈ ಜುಮ್ಮೆಂದಿತು. ಸಣ್ಣವರು ದೊಡ್ಡವರಿಂದ ಬದುಕಿ ಉಳಿಯುವ ದಾರಿ ಪುಸ್ತಕದಲ್ಲಿ ಬರೆದಿತ್ತು. ನಾನು ಯಾರನ್ನೂ ಕೇಳದೆ ಆಟವನ್ನು ಸುಲಭದಿಂದ ತೆಗೆದು ಖರೇದರ ಮೇಲೆ ಇಟ್ಟೆ.

ಹಲ್ಲಿನ ಪ್ರಸಂಗ ನಡೆದದ್ದು ಆಗ. ಸೂಡಿಯ ಟೆಂಪೋ ಡ್ರೈವರ್ ಒಬ್ಬ, ನಮ್ಮ ಓಣಿಯ ದರ್ಜಿ ಒಬ್ಬ ಆಡುತ್ತಿದ್ದರು. ಡ್ರೈವರ್ ದೂರದಿಂದ ಮಿಸೈಲ್ ಬಿಟ್ಟ. ದರ್ಜಿ ಹೆದರಿ ತಿರುಗಿ ಓಡಿದ, ಅವನಿಗೇ ಗೊತ್ತಿಲ್ಲದೆ ಸರಿಯಾದದ್ದನ್ನೇ ಮಾಡಿದ. ಮಿಸೈಲ್ ಮರುಭೂಮಿಯಲ್ಲಿ ಬಿತ್ತು.

“ಅಕ್ಕಾರ, ನಿಮ್ಮ ಮಷಿನ್ ಸುಳ್ಳ ಹೇಳಾಕತ್ತೈತಿ,” ಎಂದ ಡ್ರೈವರ್.

“ಮಿಸೈಲ್ ತಪ್ಪತೈತಿ,” ಎಂದೆ. “ಅದು ಮಿಸೈಲ್, ನಿಮ್ಮ ಮನಿದೇವರಲ್ಲ.”

ದರ್ಜಿ ನಕ್ಕ. ಡ್ರೈವರನ ಮುಷ್ಟಿ ನೇರ ಅವನ ಬಾಯಿಗೆ ಹೋಯಿತು. ಹಲ್ಲು ಕೀಬೋರ್ಡಿನ ಮೇಲೆ ಬಿತ್ತು, ಹಿಂದೆಯೇ ರಕ್ತ. ನನ್ನ ಕೀಬೋರ್ಡಿಗೆ ರಕ್ತ ಬಿದ್ದದ್ದನ್ನು ಕಂಡು ನನಗೆ ಸಿಟ್ಟು ನೆತ್ತಿಗೇರಿತು. ಬಾಗಿಲಿಗೆ ಅಡ್ಡ ಹಾಕುವ ಕಬ್ಬಿಣದ ಅಗಳಿ ಎತ್ತಿ ಡ್ರೈವರನ ಮೊಣಕೈಗೆ ಬಾರಿಸಿದೆ. ಅವನು ಕೂಗಿದ ಕೂಗಿಗೆ ಅಣ್ಣ ಒಳಗಿನಿಂದ ಊಟದ ಕೈಯಲ್ಲೇ ಬಂದ. ಯಾರು, ಏನು ಎಂದು ಕೇಳಲಿಲ್ಲ. ಇಬ್ಬರನ್ನೂ ಎರಡು ಕೈಯಲ್ಲಿ ಹಿಡಿದು ತಲೆಗೆ ತಲೆ ಡಿಕ್ಕಿ ಹೊಡೆಸಿ, ಬೀದಿಗೆ ಎಳೆದು, ಒಬ್ಬೊಬ್ಬರ ಎದೆಯ ಮೇಲೆ ಕೂತು ಗುದ್ದಿದ. ಆಮೇಲೆ ಇಬ್ಬರಿಗೂ ಕಟ್ಟೆಯ ಮೇಲೆ ಚಹಾ ಕೊಡಿಸಿದ. ಚಹಾ ಕುಡಿದವರು ಪೊಲೀಸರ ಹತ್ತಿರ ಹೋಗುವಂತಿಲ್ಲ, ಅದು ನಮ್ಮ ಕಡೆಯ ವಾಡಿಕೆ. ದರ್ಜಿ ಬಾಯಿಯ ಒಂದು ಮಗ್ಗುಲಿನಿಂದ ಚಹಾ ಕುಡಿದು ಹೋದ.

ಕೋಣೆ ಆ ದಿನ ಉಳಿಯಿತು. ಆದರೆ ಇನ್ನೊಂದು ಜಗಳವಾದರೆ ಉಳಿಯುವುದಿಲ್ಲವೆಂದು ನನಗೂ ಅಣ್ಣನಿಗೂ ಗೊತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಣ್ಣ ಒಂದು ಉಪಾಯ ತೆಗೆದ. ಇನ್ನು ಮೇಲೆ ಆಟಕ್ಕೆ ಗರಡಿಮನೆಯ ಕಾಯಿದೆ. ಗೆದ್ದವರು ಯಾರು, ಸೋತವರು ಯಾರು ಎಂದು ತಕರಾರು ಬಂದರೆ ಗರಡಿಯ ವಸ್ತಾದರು ಹೇಳಿದ್ದೇ ಕಡೆಯ ಮಾತು.

ವಸ್ತಾದರೆಂದರೆ ಅಣ್ಣನಿಗೆ ಕುಸ್ತಿ ಕಲಿಸಿದ ಗುರು. ಪಾತ್ರೆಗಳಿಗೆ ಕಲಾಯಿ ಹಾಕುವ ಮುಸಲ್ಮಾನ ಮನೆತನದ ಮುದುಕರು. ನಮ್ಮ ಮನೆಯ ತಾಮ್ರದ ಹಂಡೆಗಳಿಗೆಲ್ಲ ಅವರದೇ ಕಲಾಯಿ. ಅವರ ಮುಂದೆ ಅಣ್ಣ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಸಂಜೆ ಗರಡಿಗೆ ಹೋಗುವ ಮೊದಲು ಅವರು ಬಂದು ನಮ್ಮ ಕೋಣೆಯಲ್ಲಿ ಕೂರತೊಡಗಿದರು. ಪರದೆಯ ಮೇಲೆ ಏನಾಗುತ್ತಿದೆಯೆಂದು ಅವರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಕುಸ್ತಿಯಿಂದ ತುಂಬಿಕೊಳ್ಳುತ್ತಿದ್ದರು. ಅವರ ಕಾಯಿದೆ ಸರಳವಾಗಿತ್ತು. ವಿಮಾನ ನೆಲಕ್ಕೆ ಬಿದ್ದರೆ ಚಿತ್. ಎದುರಾಳಿಗೆ ಬೆನ್ನು ತೋರಿಸಿ ಓಡಿದರೂ ಚಿತ್, ಏಕೆಂದರೆ ಕುಸ್ತಿಯಲ್ಲಿ ಕಣ ಬಿಟ್ಟು ಓಡಿದವನು ಸೋತವನು.

“ಬೆನ್ನ ತೋರಿಸಿದಾಂವ ಗಂಡಸಲ್ಲ, ಪೈಲ್ವಾನನೂ ಅಲ್ಲ,” ಎನ್ನುತ್ತಿದ್ದರು.

“ವಸ್ತಾದ್ರ, ವಿಮಾನಕ್ಕ ಕೆಂಪು ಮಣ್ಣ ಇರಂಗಿಲ್ರಿ. ತಿರಗದಿದ್ರ ಸಾಯ್ತಾರ,” ಎಂದು ನಾನು ಒಮ್ಮೆ ಹೇಳಿದೆ.

“ಸಾಯಾಕ ಹೆದರೋರು ಕಣಕ್ಕ ಯಾಕ ಇಳೀಬೇಕವಾ ಮಗಳ?” ಎಂದು ನಕ್ಕರು.

ಆ ಕಾಯಿದೆ ಬಂದ ಮೇಲೆ ನನ್ನ ಕೋಣೆ ಕಸಾಯಿಖಾನೆಯಾಯಿತು. ಯಾರೂ ತಿರುಗುವಂತಿಲ್ಲ. ಇಬ್ಬರೂ ನೇರ ಎದುರುಬದುರು ಬರುವುದು, ಇಬ್ಬರೂ ಮಿಸೈಲ್ ಬಿಡುವುದು, ಇಬ್ಬರೂ ಸಾಯುವುದು. ಒಬ್ಬನ ರೆಕ್ಕೆ ಕಿತ್ತು ಹೋಗುತ್ತಿತ್ತು, ಇನ್ನೊಬ್ಬ ಉರಿಯುತ್ತ ಬೀಳುತ್ತಿದ್ದ, ಅಬ್ಬಿಗೇರಿಯಿಂದ ಬಸ್ಸು ಹಿಡಿದು ಬಂದವರೂ ಸಾಯಲೆಂದೇ ಸರದಿಯಲ್ಲಿ ನಿಲ್ಲುತ್ತಿದ್ದರು. ‘ಖರೇ ಗಂಡಸರ ಆಟ’ ಎಂದು ಹೊಗಳುತ್ತಿದ್ದರು. ನನಗೆ ಅಸಹ್ಯವಾಗುತ್ತಿತ್ತು. ಅಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಆಟವನ್ನು ಇವರು ಟಗರಿನ ಕಾಳಗ ಮಾಡಿಬಿಟ್ಟರಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಆದರೆ ಜಗಳ ನಿಂತಿತ್ತು, ಕೋಣೆ ಉಳಿದಿತ್ತು. ನಾನು ಬಾಯಿ ಮುಚ್ಚಿಕೊಂಡು, ಯಾರೂ ಇಲ್ಲದ ಮಧ್ಯಾಹ್ನಗಳಲ್ಲಿ ಒಬ್ಬಳೇ ಕಂಪ್ಯೂಟರಿನ ವಿರುದ್ಧ ಖರೇ ಆಟ ಆಡುತ್ತಿದ್ದೆ.

ಬೇಸಿಗೆಯಲ್ಲಿ ನರಗುಂದದವರು ಬಂದರು. ಅಲ್ಲಿಯ ಹತ್ತಿ ವ್ಯಾಪಾರಿಯೊಬ್ಬರ ಮಗ, ನರಗುಂದದಲ್ಲಿ ನನ್ನ ಹತ್ತಿರವೇ ಟೈಪಿಂಗ್ ಕಲಿತವನು, ಈಗ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಇದೇ ಆಟದಲ್ಲಿ ಹೆಸರು ಮಾಡಿದ್ದ. ಒಂದು ಜೀಪು ತುಂಬ ಗೆಳೆಯರು, ಕೈಯಲ್ಲಿ ಸ್ವಂತ ಜಾಯ್‌ಸ್ಟಿಕ್. ಬಂದವನೇ ನಮ್ಮವರಲ್ಲಿ ಇಬ್ಬರು ಮೂವರನ್ನು ಹಿಟ್ಟು ಹಿಟ್ಟು ಮಾಡಿದ. ನಮ್ಮವರು ಮೊಂಡರಂತೆ ಎದುರಿಗೆ ಹೋಗುತ್ತಿದ್ದರು, ಅವನು ದೂರದಿಂದಲೇ ಬಿಟ್ಟು ಕೆಡವುತ್ತಿದ್ದ. ನರಗುಂದದವರು ಕೇಕೆ ಹಾಕಿದಷ್ಟೂ ಬಾಗಿಲಲ್ಲಿ ನಿಂತಿದ್ದ ಅಣ್ಣನ ಕುತ್ತಿಗೆಯ ನರ ಉಬ್ಬುತ್ತಿತ್ತು.

“ಗಜೇಂದ್ರಗಡದಾಗ ಆಡೋರು ಯಾರೂ ಇಲ್ಲೇನು?” ಎಂದ ಅವರಲ್ಲೊಬ್ಬ.

“ಮುಂದಿನ ಐತವಾರ ಬರ್ರಿ,” ಎಂದ ಅಣ್ಣ. “ಗೆದ್ದವರ ತಲಿಗೆ ಸುತ್ತೋ ಪಟಕಾ ನಾ ಇಡತೀನಿ. ಒಂದ ಕುಸ್ತಿ. ವಸ್ತಾದ್ರು ಪಂಚರು.”

ಅವರು ಹೋದ ಮೇಲೆ ಅವನು ನನ್ನ ಕಡೆ ತಿರುಗಿದ.

“ಯಾರ್ನ ಇಳಸೋದು?”

“ನನ್ನ.”

ಅವನು ನಗಲಿಲ್ಲ. ನನ್ನನ್ನು ಅಳೆಯುವಂತೆ ನೋಡಿ, “ನರಗುಂದದವರ ಮುಂದ ನೀ ಸೋತ್ರ ಪೊಲೀಸರು ಬರೂದ ಬ್ಯಾಡ, ನಾನ ಬಾಗ್ಲಾ ಹಾಕ್ತೀನಿ,” ಎಂದ. ನಾನು ಹೂಂ ಎಂದೆ. ಸೋಲುವ ಮಾತು ನನ್ನ ತಲೆಯಲ್ಲಿ ಇರಲೇ ಇಲ್ಲ. ಅವನ ವಿಮಾನ ಎಲ್ಲರ ಕಣ್ಣೆದುರು ನೆಲಕ್ಕೆ ಬಿದ್ದ ಮೇಲೆ ಬೆನ್ನಿನ ಕಾಯಿದೆಯನ್ನು ಯಾರೂ ಎತ್ತುವುದಿಲ್ಲ ಎಂದುಕೊಂಡಿದ್ದೆ.

ಆ ಭಾನುವಾರ ಮಧ್ಯಾಹ್ನ ಕೋಣೆಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಬೆವರು, ತಂಬಾಕು, ಒಳಗೆ ಅವ್ವ ಹುರಿಯುತ್ತಿದ್ದ ಶೇಂಗಾದ ವಾಸನೆ. ಎರಡು ಕಂಪ್ಯೂಟರುಗಳನ್ನು ಮಗ್ಗುಲುಮಗ್ಗುಲಿಗೆ ಇಟ್ಟು, ಒಬ್ಬರ ಪರದೆ ಒಬ್ಬರಿಗೆ ಕಾಣದಂತೆ ನಡುವೆ ರಟ್ಟು ನಿಲ್ಲಿಸಿದ್ದೆವು. ಹಿಂದೆ ಕುರ್ಚಿ ಹಾಕಿಕೊಂಡು ಕೂತ ವಸ್ತಾದರಿಗೆ ಎರಡೂ ಕಾಣುತ್ತಿದ್ದವು. ಅವರು ಗರಡಿಯಿಂದ ಕೆಂಪು ಮಣ್ಣು ಕಟ್ಟಿಕೊಂಡು ಬಂದು ಇಬ್ಬರ ಅಂಗೈಗೂ ಹಚ್ಚಿದರು. ಕೀಬೋರ್ಡಿನ ಸಂದಿಯಲ್ಲಿ ಮಣ್ಣು ಹೋಗುತ್ತದೆಂದು ನನಗೆ ಸಿಟ್ಟು ಬಂತು.

“ಸಲಾಮ್ರಿ ಅಕ್ಕೋರ,” ಎಂದ ನರಗುಂದದವನು. “ನೀವ ಕಲಿಸಿದ ಕೈ ಇದು. ಮನಸಿಗೆ ಹಚ್ಕೋಬ್ಯಾಡ್ರಿ.”

“ಮೊದಲ ಕುಂಡ್ರು,” ಎಂದೆ.

ಅವನು ಮೇಲಿನಿಂದ ಬಂದ, ನಾನು ನಡುವಿನ ಎತ್ತರದಲ್ಲಿದ್ದೆ. ಅವನ ರೇಡಾರ್ ನನ್ನನ್ನು ಹಿಡಿದ ಕೂಡಲೇ ನನ್ನ ಕಿವಿಯಲ್ಲಿ ಎಚ್ಚರಿಕೆಯ ಪೀಂ ಪೀಂ ಶುರುವಾಯಿತು. ಅವನು ಬೇಗ ಮಿಸೈಲ್ ಬಿಡುತ್ತಾನೆಂದು ನನಗೆ ಗೊತ್ತಿತ್ತು. ನರಗುಂದದಲ್ಲಿಯೂ ಸಾಲು ಪೂರ್ತಿ ಓದುವ ಮೊದಲೇ ಕೀ ಒತ್ತಿಬಿಡುತ್ತಿದ್ದ, ಎಷ್ಟು ಬೈದರೂ ಆ ಚಾಳಿ ಹೋಗಲಿಲ್ಲ. ಬಿಟ್ಟ. ಶಬ್ದ ಬದಲಾಯಿತು, ಎಡೆಬಿಡದ ಒಂದೇ ಕೂಗು. ನಾನು ಮೂಗನ್ನು ನೆಲಕ್ಕೆ ಇಳಿಸಿ, ಪೂರ್ತಿ ತಿರುಗಿ, ಇದ್ದಷ್ಟೂ ವೇಗದಲ್ಲಿ ಅವನಿಂದ ದೂರ ಓಡಿದೆ.

ಹಿಂದೆ ಮಂದಿ ಹೋ ಎಂದರು. “ಓಡಿದ್ಲು, ಓಡಿದ್ಲು” ಎಂದು ಯಾರೋ ಒಬ್ಬ ಕುಣಿದ. ನನಗೆ ಯಾರೂ ಬೇಕಾಗಿರಲಿಲ್ಲ. ಮಿಸೈಲ್ ನನ್ನ ಬೆನ್ನ ಹಿಂದೆ ಬರುತ್ತಿದೆ, ಅದರ ಮದ್ದು ತೀರಿದೆ, ಅದು ದಣಿಯುತ್ತಿದೆ. ನನ್ನ ತಲೆಯಲ್ಲಿ ಇದ್ದದ್ದು ಅಷ್ಟೇ. ಕೂಗು ನಿಂತಿತು. ಮಿಸೈಲ್ ಎಲ್ಲೋ ಮಣ್ಣು ಮುಕ್ಕಿತ್ತು.

ನಾನು ಎರಡು ಗುಡ್ಡಗಳ ನಡುವೆ ಇಳಿದು ಅಡ್ಡಡ್ಡ ಹಾರಿದೆ. ಪೀಂ ಪೀಂ ಕೂಡ ನಿಂತಿತು. ಅವನ ರೇಡಾರಿಗೆ ನಾನು ಇಲ್ಲ. ಅವನು ನನ್ನನ್ನು ಹುಡುಕುತ್ತ ನೇರ ನನ್ನ ತಲೆಯ ಮೇಲೆಯೇ ದಾಟಿ ಹೋದ. ನಾನು ಕೆಳಗಿನಿಂದ ಅವನ ಬೆನ್ನಿಗೆ ಎದ್ದೆ. ನನ್ನ ಹತ್ತಿರ ಬಿಸಿಯನ್ನು ಹುಡುಕುವ ಸಣ್ಣ ಮಿಸೈಲ್ ಇತ್ತು. ಅದಕ್ಕೆ ರೇಡಾರ್ ಬೇಡ, ಆದ್ದರಿಂದ ಅದು ಬರುವ ಸುದ್ದಿ ಅವನ ಕಿವಿಗೆ ಬೀಳುವುದೂ ಇಲ್ಲ. ಹತ್ತಿರ, ಇನ್ನೂ ಹತ್ತಿರ ಹೋಗಿ ಬಿಟ್ಟೆ. ಅವನ ವಿಮಾನ ನಡುವಿನಲ್ಲಿ ಮುರಿದು ಎರಡು ತುಂಡಾಗಿ, ಎರಡೂ ತುಂಡು ಉರಿಯುತ್ತ ಬಿದ್ದವು. ಅವನು ಒಳಗೇ ಸುಡಲಿ ಎಂದು ನಾನು ಹಲ್ಲು ಕಚ್ಚಿ ನೋಡಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಬಹಳ ಸಲ ಆಗಿಲ್ಲ.

“ಸತ್ತೆ ನಾ,” ಎಂದ ಅವನು. ಸ್ಪಷ್ಟವಾಗಿ, ನನಗೆ ಕೇಳುವಂತೆಯೇ ಹೇಳಿದ.

ನಾನು ಎದ್ದು ಹಿಂದೆ ನೋಡಿದೆ. ವಸ್ತಾದರ ಕೈ ಮೇಲೆ ಎದ್ದಿತ್ತು. ಅದು ಆಗ ಎದ್ದದ್ದಲ್ಲ, ನಾನು ತಿರುಗಿದಾಗಲೇ ಎದ್ದದ್ದು.

“ಹುಡುಗಿ ಬೆನ್ನ ತೋರಿಸಿದ್ಲು,” ಎಂದರು. “ಕುಸ್ತಿ ಅಲ್ಲೇ ಮುಗೀತು. ಆಮ್ಯಾಲ ಆಗಿದ್ದು ಲೆಕ್ಕಕ್ಕಿಲ್ಲ. ನರಗುಂದ ಗೆದ್ದೈತಿ.”

ಅವರು ಮೋಸ ಮಾಡಲಿಲ್ಲ. ತಮ್ಮ ಕಣ್ಣು ಕಂಡದ್ದನ್ನು, ತಮಗೆ ಗೊತ್ತಿದ್ದ ಒಂದೇ ಕಾಯಿದೆಯಿಂದ ಅಳೆದು ಹೇಳಿದರು. ನನಗೆ ಸಿಟ್ಟು ಬಂದದ್ದು ನರಗುಂದದವನ ಮೇಲೆ. ಗೆಳೆಯರು ಪಟಕಾ ಹಿಡಿದು ಅವನ ಸುತ್ತ ಬಂದರು. ಅವನು ಒಮ್ಮೆ ನನ್ನ ಮುಖ ನೋಡಿ, ಪಟಕಾ ಕಟ್ಟಿಸಿಕೊಳ್ಳಲು ತಲೆ ಬಗ್ಗಿಸಿದ.

ನಾನು ಅಣ್ಣನ ಕಡೆ ತಿರುಗಿದೆ.

“ಅಣ್ಣಾ, ನೀ ನೋಡೀಯಿಲ್ಲೋ? ಯಾರು ಸತ್ರು, ನೀ ಹೇಳು.”

“ವಸ್ತಾದ್ರು ಹೇಳ್ಯಾರ,” ಎಂದ.

“ವಸ್ತಾದ್ರಿಗೆ ಮಣ್ಣು ಗೊತ್ತೈತಿ, ಮಿಸೈಲ್ ಗೊತ್ತಿಲ್ಲ. ಅವರು ಹೇಳಿದ್ದು ತಪ್ಪ...”

ಮಾತು ಮುಗಿಯಲಿಲ್ಲ. ಅಣ್ಣನ ಅಂಗೈ ನನ್ನ ಎಡಗಿವಿಯ ಮೇಲೆ ಬಿತ್ತು. ಉಳ್ಳಾಗಡ್ಡಿ ಚೀಲ ಎತ್ತಿ ಒಗೆಯುವ ಕೈ. ನಾನು ಮೇಜಿಗೆ ಬಡಿದು ನೆಲಕ್ಕೆ ಬಿದ್ದೆ. ಕಿವಿಯೊಳಗೆ ಏನೋ ಹರಿದು, ಒಂದೇ ಸಮನೆ ಕೂಗತೊಡಗಿತು. ಕೋಣೆ ತುಂಬ ಗಂಡಸರು ನಿಂತು ನನ್ನನ್ನು ನೋಡುತ್ತಿದ್ದರು. ನನ್ನ ಸೀರೆಯ ಸೆರಗು ಎಲ್ಲಿತ್ತೋ ನನಗೆ ಗೊತ್ತಿಲ್ಲ. ಕೈಗೆ ಕೀಬೋರ್ಡು ಸಿಕ್ಕಿತು. ವೈರು ಕಿತ್ತು ಎದ್ದು, ಎರಡೂ ಕೈಯಿಂದ ಎತ್ತಿ ಅಣ್ಣನ ಮುಖಕ್ಕೆ ಅಡ್ಡ ಬೀಸಿದೆ. ಕೀಗಳು ಹಾರಿ ಗೋಡೆಗೆ ಬಡಿದವು. ಅವನ ಹುಬ್ಬು ಬಾಯಿ ಬಿಟ್ಟು ರಕ್ತ ಕಣ್ಣಿಗೆ ಇಳಿಯಿತು.

ಆಮೇಲೆ ಎಲ್ಲರೂ ಎಲ್ಲರನ್ನೂ ಹೊಡೆದರು. ನಮ್ಮವರು ನರಗುಂದದವರ ಮೇಲೆ ಬಿದ್ದರು. ಕುರ್ಚಿ ಮುರಿಯಿತು, ಮಾನಿಟರ್ ಒಂದು ಒಡೆದು ಗಾಜು ಚೆಲ್ಲಿತು, ಅದರ ಮೇಲೆ ಒಬ್ಬ ಅಂಗೈ ಊರಿ ಬಿದ್ದ. ಪಟಕಾ ಕಟ್ಟಿಸಿಕೊಂಡವನನ್ನು ಅದೇ ಪಟಕಾ ಕೊರಳಿಗೆ ಹಾಕಿ ಬೀದಿಗೆ ಎಳೆದುಕೊಂಡು ಹೋದರು. ಜೀಪಿನ ಗಾಜಿಗೆ ಕಲ್ಲು ಬಿದ್ದವು. ವಸ್ತಾದರು ನಡುವೆ ನಿಂತು “ಬಸ್ ಮಾಡ್ರೋ” ಎನ್ನುತ್ತಿದ್ದರು, ಅವರ ಟೊಪ್ಪಿಗೆ ಬಿದ್ದು ಯಾರದೋ ಕಾಲ ಕೆಳಗೆ ಸಿಕ್ಕಿತ್ತು. ಬೀದಿ ತಣ್ಣಗಾಗುವ ಮೊದಲೇ ಪೊಲೀಸರು ನಮ್ಮ ಕಟ್ಟೆ ಏರಿದರು.

ಅಣ್ಣ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಬಂದು ಕೋಣೆಗೆ ಬೀಗ ಹಾಕಿದ. ಅವ್ವ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ನನ್ನ ಕಿವಿಗೆ ಕಾವು ಕೊಟ್ಟಳು. ದವಾಖಾನೆಯಲ್ಲಿ ಕಿವಿಯ ಪರದೆ ಹರಿದಿದೆ ಎಂದರು. ಆ ಕಿವಿಯಿಂದ ನನಗೆ ಮತ್ತೆ ಸರಿಯಾಗಿ ಕೇಳಿಸಲೇ ಇಲ್ಲ. ಕೇಳಿಸುತ್ತಿದ್ದ ಇನ್ನೊಂದು ಕಿವಿಯಿಂದ, ನರೇಗಲ್ಲಿನವರು ನನ್ನನ್ನು ನೋಡಲು ಬರುತ್ತಾರೆಂದು ಅಣ್ಣ ಅವ್ವನಿಗೆ ಹೇಳುವುದನ್ನು ಕೇಳಿದೆ.

ಅವನು ಪೇಟೆಗೆ ಹೋದ ಹೊತ್ತು ನೋಡಿ ರುಬ್ಬುವ ಒಳ್ಳಿನ ಗುಂಡುಕಲ್ಲು ತಂದು ಬೀಗ ಒಡೆದೆ. ಅವ್ವ ನೋಡಿದಳು, ಬೇಡ ಎನ್ನಲಿಲ್ಲ. ಒಳಗೆ ಗಾಜು, ಒಣಗಿದ ರಕ್ತ, ಕೆಂಪು ಮಣ್ಣು ಹಾಗೆಯೇ ಬಿದ್ದಿದ್ದವು. ಗುಡಿಸಿದೆ. ಕಂಪ್ಯೂಟರುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ಒಡೆದ ಮಾನಿಟರ್, ನಾನು ಬೀಸಿದ ಕೀಬೋರ್ಡು ಬಿಟ್ಟರೆ ಉಳಿದದ್ದೆಲ್ಲ ನಡೆಯುತ್ತಿತ್ತು. ಯಾರೋ ಸುದ್ದಿ ಮುಟ್ಟಿಸಿರಬೇಕು, ಅಣ್ಣ ಓಡುತ್ತಲೇ ಬಂದ. ಒಡೆದ ಬೀಗವನ್ನು ನೋಡಿ ಕೈ ಎತ್ತಿದ. ನಾನು ಗುಂಡುಕಲ್ಲು ಎತ್ತಿಕೊಂಡೆ. ಈ ಸಲ ಹೊಡೆದರೆ ತಲೆ ಒಡೆಯುತ್ತೇನೆಂದು ನಿಶ್ಚಯ ಮಾಡಿದ್ದೆ, ಅದು ಅವನಿಗೂ ನನ್ನ ಮುಖದಲ್ಲಿ ಕಂಡಿರಬೇಕು. ಕೈ ಇಳಿಸಿ ಹೊಸ್ತಿಲ ಮೇಲೆ ಕೂತ.

“ನೀ ಗೆದ್ದಿದ್ದು ನನಗ ಗೊತ್ತೈತಿ,” ಎಂದ.

ನಾನು ಕಲ್ಲು ಹಿಡಿದೇ ನಿಂತೆ.

“ದಿನಾ ಊಟಾ ಮಾಡಿ ಈ ಬಾಗ್ಲಾಗ ನಿಂತು ನೀ ಆಡೂದು ನೋಡ್ತಿದ್ದೆ. ನಿನಗ ಗೊತ್ತಿರ್ಲಿಲ್ಲ. ತಿರುಗಿ ಓಡಿದ್ರ ಮಿಸೈಲ್ ಬೀಳತೈತಿ ಅನ್ನೂದು ನನಗೂ ತಿಳಿದಿತ್ತು. ಅವತ್ತ ನೀ ತಿರುಗಿದಾಗ, ಈಗ ಗೆಲ್ತಾಳ ಅಂತ ಅನ್ಕೊಂಡೆ.”

“ಮತ್ತ ಯಾಕ ಹೊಡದಿ?”

“ಗೊತ್ತಿತ್ತಂತನ ಹೊಡದೆ. ವಸ್ತಾದ್ರು ತಪ್ಪ ಹೇಳ್ಯಾರ ಅನ್ನೂ ಮಾತು ಪೂರಾ ನಿನ್ನ ಬಾಯಿಂದ ಬಂದಿದ್ರ, ಅಷ್ಟ ಮಂದಿ ಮುಂದ ಅವರ ಮರ್ಯಾದಿ ಹೋಗತಿತ್ತು. ನನ್ನ ಮಣ್ಣಾಗ ಆಡಿಸಿ ದೊಡ್ಡಾಂವನ್ನ ಮಾಡಿದವರು.”

“ನನ್ನ ಮರ್ಯಾದಿ?”

“ನೀ ಮನ್ಯಾಕಿ,” ಎಂದ ಅಣ್ಣ. ಅವನಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. “ಮನಿಯವರಿಗೆ ಬಿದ್ದಿದ್ದು ಮನ್ಯಾಗ ಉಳೀತೈತಿ.”

ಅವನು ತಿಳಿಯದೆ ಹೊಡೆದಿದ್ದಾನೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ತಿಳಿಯದವನಿಗೆ ಕಲಿಸಬಹುದು, ಕಲಿಸುವುದೇ ನನ್ನ ಕೆಲಸ. ಪಕ್ಕದಲ್ಲಿ ಕೂರಿಸಿಕೊಂಡು ರೇಡಾರ್ ತೋರಿಸಿ, ಮಿಸೈಲ್ ತೋರಿಸಿ, ನೋಡು ನಾನು ಹೀಗೆ ಗೆದ್ದೆ ಎಂದು ಹೇಳುವ ಮಾತುಗಳನ್ನೆಲ್ಲ ಕಿವಿಯ ನೋವಿನಲ್ಲಿ ಮಲಗಿದ್ದಾಗ ಜೋಡಿಸಿಟ್ಟುಕೊಂಡಿದ್ದೆ. ತಿಳಿದೇ ಹೊಡೆದವನಿಗೆ ಆ ಪಾಠ ಬೇಕಾಗಿರಲಿಲ್ಲ. ಕಲ್ಲನ್ನು ಕೆಳಗಿಟ್ಟೆ. ಆ ಕೋಣೆ ನನ್ನದು ಎಂದುಕೊಂಡಿದ್ದೆನಲ್ಲ, ಅದು ಎಂದೂ ನನ್ನದಾಗಿರಲಿಲ್ಲವೆಂದು ಆಗ ಅನ್ನಿಸಿತು.

“ಮಷಿನ್ ನನ್ನವು,” ಎಂದೆ. “ರೋಣಕ್ಕ ಒಯ್ತೀನಿ.”

ರೋಣದಲ್ಲಿ ನನಗೆ ಕಲಿಸಿದ ಮೇಡಂ ಒಬ್ಬರು ತಮ್ಮ ಮನೆಯ ಪಡಸಾಲೆ ಬಿಟ್ಟುಕೊಡಲು ಒಪ್ಪಿದರು. ಬಾಡಿಗೆ ಟೆಂಪೋ ಬಂದು ನಿಂತ ದಿನ ಓಣಿಯವರೆಲ್ಲ ಕಟ್ಟೆಯ ಮೇಲೆ ನಿಂತು ನೋಡಿದರು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, “ಅಲ್ಲೆ ಗಟ್ಟ್ಯಾಗಿ ಇರು,” ಎಂದಳು. ಅಣ್ಣ ಬೇಡವೆಂದರೂ ಕೇಳದೆ ತಾನೇ ಮಾನಿಟರುಗಳನ್ನು ಒಂದೊಂದಾಗಿ ಎದೆಗೆ ಒತ್ತಿಕೊಂಡು ತಂದು ಟೆಂಪೋದಲ್ಲಿಟ್ಟ. ಸಾಮಾನು ಅಲುಗಾಡದಂತೆ ನಡುವೆ ತನ್ನ ಅಂಗಡಿಯ ಖಾಲಿ ಚೀಲಗಳನ್ನು ತುರುಕಿದ. ಹುಬ್ಬಿನ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ನಾನು ಡ್ರೈವರನ ಪಕ್ಕ ಹತ್ತಿ ಕೂತ ಮೇಲೆ ಅವನು ಕಿಟಕಿಯ ಹತ್ತಿರ ಬಂದ. ನನ್ನ ಎಡಗಡೆ ಬಂದು ಏನೋ ಹೇಳಿದ, ಕೇಳಿಸಲಿಲ್ಲ. ಮುಖ ತಿರುಗಿಸಿ ಏನು ಎಂದೆ.

“ಮಂದಿ ಕೇಳಿದ್ರ ಏನ್ ಹೇಳ್ಲಿ?”

“ಸೋತು ಹ್ವಾದ್ಲು ಅಂತ ಹೇಳು,” ಎಂದೆ. “ನಿನ್ನ ವಸ್ತಾದ್ರ ಮಾತು ಉಳೀತೈತಿ.”

ಅವನು ಟೆಂಪೋದ ಬಾಗಿಲು ಹಿಡಿದಿದ್ದ. ಇಲ್ಲ ಎನ್ನುತ್ತಾನೆಂದು ನಾನು ಕಾದೆ, ನಿಜವಾಗಿ ಕಾದೆ. ಅವನು ಹೂಂ ಎಂದು ಬಾಗಿಲು ಬಿಟ್ಟು, ಟೆಂಪೋದ ಬದಿಗೆ ಎರಡು ಸಲ ತಟ್ಟಿ, ನಡೆಯಲಿ ಎಂದ. ಕೇಳಿದವರಿಗೆಲ್ಲ ಅವನು ಹಾಗೆಯೇ ಹೇಳಿದ. ಗಜೇಂದ್ರಗಡದಲ್ಲಿ ಇವತ್ತಿಗೂ ಹಾಗೆಯೇ ಹೇಳುತ್ತಾರೆ.